ನಡುನೀರಿನಲ್ಲಿ ಹಡಗು ನಿಂತಾಗ ಜಡ್ಡು ಹತ್ತಿದರೆ: ಯಾವುದು ಮೊದಲು, ಯಾವುದು ಆಮೇಲೆ

ಹುಬ್ಬಳ್ಳಿಯವರು ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ಆದರೂ ನಮ್ಮ ಕಡೆಯ ಹುಡುಗರು ಹಡಗಿನ ಕೆಲಸಕ್ಕೆ ಹೋಗುವುದು ಹೊಸದೇನಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು ಹೋಗುತ್ತಾರೆ, ಅಡುಗೆ ಕಲಿತವರು ಹೋಗುತ್ತಾರೆ. ನಾನೂ ಹಾಗೇ ಹೋದವನು. ಹನ್ನೊಂದು ವರ್ಷ ಪ್ರಯಾಣಿಕರ ಹಡಗಿನಲ್ಲಿ ಹೌಸ್‌ಕೀಪಿಂಗ್ ಮಾಡಿದೆ. ಈಗ ಕೇಶ್ವಾಪುರದಲ್ಲಿ ಮನೆ, ಮದುವೆ ಸೀಸನ್‌ನಲ್ಲಿ ಕೇಟರಿಂಗ್.

ಮೊನ್ನೆ ರಾಣೆಬೆನ್ನೂರಿನ ಹುಡುಗನೊಬ್ಬ ಫೋನ್ ಮಾಡಿದ. ಕ್ಯಾಬಿನ್ ಸ್ಟೀವರ್ಡ್ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹಡಗು ಹತ್ತುತ್ತಾನೆ. "ಅಣ್ಣಾ, ನಡುನೀರಾಗ ಹಡಗ ನಿಂತು ಮಂದಿಗೆ ಜಡ್ಡು ಹತ್ತಿದ್ರ ಏನ್ ಮಾಡೂದು?" ಅಂದ. ಅರ್ಧ ಗಂಟೆ ಮಾತಾಡಿದೆ. ಅವನಂಥವರು ಇನ್ನೂ ಇದ್ದಾರೆ. ಮುಂಬೈಗೆ ಹೋಗಿ ಗೋವಾ ಪ್ಯಾಕೇಜ್ ಹಡಗು ಹತ್ತುವ ಸಂಸಾರಗಳೂ ಈಗ ಜಾಸ್ತಿ. ಅದಕ್ಕೇ ಬರೆದಿಡೋಣ ಅನ್ನಿಸಿತು. ನಾನು ಡಾಕ್ಟರ್ ಅಲ್ಲ, ಔಷಧದ ಮಾತು ಹಡಗಿನ ಡಾಕ್ಟರಿಗೆ ಬಿಟ್ಟದ್ದು. ಆದರೆ ಹಡಗಿನಲ್ಲಿ ಜಡ್ಡು ನಿಲ್ಲುವುದು ಅರ್ಧಕ್ಕಿಂತ ಹೆಚ್ಚು ಬಕೆಟ್, ಸೌಟು, ಶೌಚಾಲಯದ ಕಡೆಯಲ್ಲಿ. ಅದು ನನಗೆ ಗೊತ್ತು.

ಮೊದಲು ಜಾಗದ ಅಂದಾಜು ಇರಲಿ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಉದ್ದದ ಪ್ಲಾಟ್‌ಫಾರ್ಮ್ ನೋಡಿದ್ದೀರಲ್ಲ, 2023ರಲ್ಲಿ ಉದ್ಘಾಟನೆಯಾದದ್ದು, 1,507 ಮೀಟರ್. ಕೋವಿಡ್ ಹರಡಿ ಸುದ್ದಿಯಾದ ಪ್ರಯಾಣಿಕರ ಹಡಗು ಡೈಮಂಡ್ ಪ್ರಿನ್ಸೆಸ್‌ನ ಉದ್ದ 290 ಮೀಟರ್. ಅಂಥ ಐದು ಹಡಗು ಅಲ್ಲಿ ಸಾಲಾಗಿ ನಿಲ್ಲಬಹುದು. 2020ರ ಫೆಬ್ರವರಿಯಲ್ಲಿ ಆ ಒಂದು ಹಡಗಿನೊಳಗೆ 3,711 ಜನ ಇದ್ದರು. ಎಲ್ಲರಿಗೂ ಅದೇ ನೀರು, ಅದೇ ಅಡುಗೆ, ಅದೇ ಮೆಟ್ಟಿಲಿನ ರೇಲಿಂಗ್. ಊರಲ್ಲಿ ಜಡ್ಡು ಬಂದರೆ ನೆಂಟರ ಮನೆಗೆ ಹೋಗಬಹುದು. ಹಡಗು ನಿಂತರೆ ಎಲ್ಲಿಗೆ ಹೋಗುತ್ತೀರಿ?

ಹಂತ 1: ಎಣಿಸಿ. ಔಷಧಕ್ಕೂ ಮೊದಲು ಎಣಿಸಿ

ಹಡಗಿನಲ್ಲಿ ಬರುವ ಜಡ್ಡು ಮುಖ್ಯವಾಗಿ ಎರಡು ಥರ. ಒಂದು ಹೊಟ್ಟೆಯದು: ವಾಂತಿ, ಭೇದಿ, ಹೊಟ್ಟೆನೋವು. ಇದರಲ್ಲಿ ಹೆಚ್ಚಿನ ಪಾಲು ನೋರೋವೈರಸ್‌ನದು. ಇನ್ನೊಂದು ಉಸಿರಿನದು: ಫ್ಲೂ, ಕೋವಿಡ್. ಎರಡಕ್ಕೂ ದಾರಿ ಬೇರೆ. ಈ ಬರಹದಲ್ಲಿ ಹೆಚ್ಚು ಹೊಟ್ಟೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಹಡಗು ಕೆಟ್ಟು ನಿಂತಾಗ ನೀರು, ಶೌಚಾಲಯ ಎರಡೂ ಕೈಕೊಡುತ್ತವೆ, ಆಗ ಅದೇ ಮೊದಲು ಏಳುವುದು.

ಯಾರನ್ನು ರೋಗಿ ಅಂತ ಎಣಿಸಬೇಕು? ಅಮೆರಿಕ ಸರ್ಕಾರದ ರೋಗ ತಡೆಯುವ ಸಂಸ್ಥೆ ಸಿಡಿಸಿ ಹಡಗುಗಳಿಗೆ ಇಟ್ಟಿರುವ ಅಳತೆ ಸುಲಭವಾಗಿದೆ. 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ತೆಳು ಭೇದಿ. ಇಲ್ಲವೇ ವಾಂತಿ, ಜತೆಗೆ ಭೇದಿ, ಜ್ವರ, ತಲೆನೋವು, ಮೈಕೈ ನೋವು, ಹೊಟ್ಟೆ ಹಿಡಿತ ಇವುಗಳಲ್ಲಿ ಒಂದು. ಸುಮ್ನೆ ಒಂದು ಸಲ ವಾಂತಿಯಾದರೆ ಅದು ಸಮುದ್ರದ ತೂಗಾಟವೂ ಇರಬಹುದು. ಆದರೆ ಹಡಗು ಲಂಗರು ಹಾಕಿ ನಿಂತಿದೆ, ನೀರು ಶಾಂತವಾಗಿದೆ, ಆಗಲೂ ಜನ ವಾಂತಿ ಮಾಡುತ್ತಿದ್ದರೆ ತೂಗಾಟದ ನೆಪ ಹೇಳಬೇಡಿ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಂಪ್ಯೂಟರ್ ಇದ್ದರೂ ತೆಗೆದುಕೊಳ್ಳಿ, ಕರೆಂಟ್ ಹೋದಾಗ ಅದೇ ಉಳಿಯುವುದು. ಪ್ರತಿಯೊಬ್ಬರಿಗೂ ಒಂದು ಸಾಲು: ಹೆಸರು, ಕ್ಯಾಬಿನ್ ನಂಬರ್, ವಯಸ್ಸು, ಪ್ರಯಾಣಿಕನೋ ಕೆಲಸಗಾರನೋ, ಶುರುವಾದ ಗಂಟೆ, ಜತೆಗೆ ಯಾರು ಮಲಗುತ್ತಾರೆ, ಹಿಂದಿನ ಎರಡು ದಿನ ಎಲ್ಲಿ ಏನು ಉಂಡರು. ಶುರುವಾದ ಗಂಟೆ ಬಹಳ ಮುಖ್ಯ. ಜನ ಡಾಕ್ಟರ್ ಹತ್ತಿರ ಬಂದ ಹೊತ್ತನ್ನು ಬರೆದುಕೊಂಡು ಬಿಡುತ್ತಾರೆ. ಅದು ತಪ್ಪು ಲೆಕ್ಕ ಕೊಡುತ್ತದೆ.

ಈ ಗಂಟೆಗಳನ್ನು ಚೌಕದ ಹಾಳೆಯ ಮೇಲೆ ಹಾಕಿ, ಒಬ್ಬರಿಗೆ ಒಂದು ಮನೆ. ಒಂದೇ ಹೊತ್ತಿಗೆ ಚೌಕಗಳೆಲ್ಲ ಗುಡ್ಡದ ಹಾಗೆ ಎದ್ದರೆ ಊಟದ ಮೇಲೆ ಸಂಶಯಪಡಿ. ಮದುವೆಯಲ್ಲಿ ಮಧ್ಯಾಹ್ನದ ಬಾಸುಂದಿ ಕೆಟ್ಟಿದ್ದರೆ ಸಂಜೆಯೊಳಗೆ ಉಂಡವರೆಲ್ಲ ಒಟ್ಟಿಗೇ ಮಲಗುತ್ತಾರೆ ನೋಡಿ, ಹಾಗೆ. ನಿಧಾನಕ್ಕೆ ದಿನದಿನ ಏರುತ್ತಾ, ಒಂದು ಕ್ಯಾಬಿನ್‌ನಿಂದ ಪಕ್ಕದ ಕ್ಯಾಬಿನ್‌ಗೆ ಹೋಗುತ್ತಿದ್ದರೆ ಅದು ಮನುಷ್ಯರಿಂದ ಮನುಷ್ಯರಿಗೆ. ನೋರೋವೈರಸ್ ಮೈಗೆ ಸೇರಿದ 12ರಿಂದ 48 ಗಂಟೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅಂದರೆ ನೀವು ಇವತ್ತು ಎಣಿಸುತ್ತಿರುವುದು ನಿನ್ನೆಯ ಅಥವಾ ಮೊನ್ನೆಯ ತಪ್ಪನ್ನು. ಇವತ್ತು ಸರಿ ಮಾಡಿದ್ದರ ಫಲ ನಾಳಿದ್ದು ಕಾಣುತ್ತದೆ. ಇದು ಗೊತ್ತಿಲ್ಲದ ಅಧಿಕಾರಿಗಳು ಎರಡನೇ ದಿನವೇ "ಏನೂ ಉಪಯೋಗ ಆಗ್ತಿಲ್ಲ" ಅಂತ ಎಲ್ಲವನ್ನೂ ಬದಲಾಯಿಸಲು ಹೊರಡುತ್ತಾರೆ. ತಡೆಯಿರಿ.

ಪ್ರಯಾಣಿಕರಲ್ಲಿ ಅಥವಾ ಕೆಲಸಗಾರರಲ್ಲಿ ನೂರಕ್ಕೆ 2 ಮಂದಿ ಮುಟ್ಟಿದರೆ ಸಿಡಿಸಿಗೆ ವಿಶೇಷ ವರದಿ ಕೊಡಬೇಕು, ನೂರಕ್ಕೆ 3 ಮುಟ್ಟಿದರೆ ಅದು ಬಹಿರಂಗ ಪಟ್ಟಿಗೆ ಸೇರುತ್ತದೆ. ಇದು ಅಮೆರಿಕದ ಬಂದರಿಗೆ ಹೋಗುವ ಹಡಗುಗಳ ನಿಯಮ. 2,000 ಪ್ರಯಾಣಿಕರಿದ್ದರೆ ನೂರಕ್ಕೆ 3 ಅಂದರೆ 60 ಮಂದಿ. ನನ್ನ ಕೇಳಿದರೆ 60 ಆಗುವವರೆಗೆ ಕಾಯುವುದು ಹುಚ್ಚುತನ. ಒಂದೇ ದಿನ ಬೇರೆ ಬೇರೆ ಕ್ಯಾಬಿನ್‌ನ ಐದಾರು ಜನ ಬಂದರೂ ಮುಂದಿನ ಹಂತಗಳನ್ನು ಶುರು ಮಾಡಿ.

ಹಂತ 2: ಕೆಲಸಗಾರನ ಪಗಾರ ಕತ್ತರಿಸುವುದಿಲ್ಲ ಅಂತ ಮೊದಲು ಹೇಳಿ

ಇದು ಯಾವ ಕೈಪಿಡಿಯಲ್ಲೂ ಎರಡನೇ ಹಂತವಾಗಿ ಇರಲಿಕ್ಕಿಲ್ಲ. ನಾನು ಬೇಕೆಂದೇ ಇಲ್ಲಿ ಇಟ್ಟಿದ್ದೇನೆ.

ಒಮ್ಮೆ ನಮ್ಮ ಹಡಗು ಎಂಜಿನ್ ಕೆಟ್ಟು ಬಂದರಿನ ಹೊರಗೆ ನಿಂತಿತ್ತು. ಎರಡನೇ ದಿನ ಪ್ರಯಾಣಿಕರಿಗೆ ವಾಂತಿ ಶುರು. ಮೊದಲನೇ ರೋಗಿ ಅಂತ ಪುಸ್ತಕದಲ್ಲಿ ಒಬ್ಬ ಅಜ್ಜಿಯ ಹೆಸರು ಬರೆದರು. ಆದರೆ ನಿಜವಾದ ಮೊದಲನೆಯವನು ಅಡುಗೆ ಮನೆಯ ಹುಡುಗ, ನಮ್ಮ ಗದಗ ಕಡೆಯವ. ಎರಡು ದಿನದಿಂದ ಹೊಟ್ಟೆ ಕೆಟ್ಟಿತ್ತು. ಶೌಚಾಲಯಕ್ಕೆ ಓಡಿ ಹೋಗಿ ಬಂದು ಮತ್ತೆ ಸಲಾಡ್ ಹೆಚ್ಚುತ್ತಿದ್ದ. ನಾಲ್ಕನೇ ದಿನ ನನ್ನ ಹತ್ತಿರ ಅಳುತ್ತಾ ಹೇಳಿದ.

"ಮೊದಲ ಯಾಕ ಹೇಳಲಿಲ್ಲೋ ತಮ್ಮಾ?" ಅಂದೆ.

"ಹೇಳಿದ್ರ ಕೆಲಸಕ್ಕ ಬರಬ್ಯಾಡ ಅಂತಾರ ಅಣ್ಣಾ. ರೊಕ್ಕ ಹೋಗತೈತಿ. ಮನಿಗೆ ಕಳಸಬೇಕಲ್ಲ."

ಅವನ ಮೇಲೆ ಸಿಟ್ಟು ಬರಲಿಲ್ಲ. ನಾನೂ ಮೊದಲ ಕಾಂಟ್ರಾಕ್ಟ್‌ನಲ್ಲಿ ಜ್ವರ ಮುಚ್ಚಿಟ್ಟು ಹಾಸಿಗೆ ಬದಲಿಸಿದವನೇ. ಆದ್ದರಿಂದ ಜಡ್ಡು ಕಂಡ ಮೊದಲ ಗಂಟೆಗಳಲ್ಲಿ ಕ್ಯಾಪ್ಟನ್ ಅಥವಾ ಹೋಟೆಲ್ ಮ್ಯಾನೇಜರ್ ಕೆಲಸಗಾರರ ಮೆಸ್ಸಿಗೆ ಸ್ವತಃ ಬಂದು ಮೂರು ಮಾತು ಹೇಳಬೇಕು. ಹೊಟ್ಟೆ ಕೆಟ್ಟಿದ್ದರೆ ಈಗಲೇ ಹೇಳಿ. ರಜೆಯ ದಿನದ ಪಗಾರ ಪೂರ್ತಿ ಸಿಗುತ್ತದೆ. ಟಿಪ್ಸ್ ಹಂಚುವಾಗಲೂ ನಿಮ್ಮ ಪಾಲು ಇರುತ್ತದೆ. ಬಾಯಿಮಾತು ಸಾಲದು, ಬರೆದು ಗೋಡೆಗೆ ಹಚ್ಚಬೇಕು. ಹಾಗೆ ಮಾಡಿದ ದಿನ ನಮ್ಮಲ್ಲಿ ಒಮ್ಮೆಗೇ ಒಂಬತ್ತು ಹುಡುಗರು ಎದ್ದು ಬಂದರು. ಅಲ್ಲಿಯವರೆಗೆ ಪುಸ್ತಕದಲ್ಲಿ ಕೆಲಸಗಾರರ ಲೆಕ್ಕ ಸೊನ್ನೆ!

ಡೈಮಂಡ್ ಪ್ರಿನ್ಸೆಸ್‌ನಲ್ಲಿ ಕೋವಿಡ್ ಬಂದಾಗಲೂ ಪ್ರಯಾಣಿಕರನ್ನು ಕ್ಯಾಬಿನ್‌ಗಳಲ್ಲಿ ಕೂರಿಸಿದರು, ಕೆಲಸಗಾರರು ಮಾತ್ರ ಅಡುಗೆ ಮಾಡಿ ಹಂಚುತ್ತಲೇ ಇದ್ದರು. ಕೆಲಸಗಾರರಲ್ಲಿ ಮೊದಲು ಸಿಕ್ಕ 20 ರೋಗಿಗಳ ಪೈಕಿ 15 ಮಂದಿ ಊಟದ ವಿಭಾಗದವರು. ಹಡಗಿನ ಕೆಳಗಿನ ಡೆಕ್‌ನಲ್ಲಿ ಇಬ್ಬರಿಗೆ ಒಂದು ಕಿರಿದಾದ ಕ್ಯಾಬಿನ್, ಒಂದರ ಮೇಲೊಂದು ಮಂಚ. ಮೇಲಿನವರನ್ನು ಬೇರೆ ಮಾಡಿ ಕೆಳಗಿನವರನ್ನು ಮರೆತರೆ ಅರ್ಧ ಬಾಗಿಲು ಮಾತ್ರ ಹಾಕಿದ ಹಾಗೆ.

ಅಡುಗೆ, ಬಡಿಸುವ ಕೆಲಸದವರು ವಾಂತಿ ಭೇದಿ ನಿಂತ ಮೇಲೂ 48 ಗಂಟೆ ಕೆಲಸಕ್ಕೆ ಬರಬಾರದು. ಪ್ರಯಾಣಿಕರು ನಿಂತ ಮೇಲೆ ಕನಿಷ್ಠ 24 ಗಂಟೆ ಕ್ಯಾಬಿನ್‌ನಲ್ಲೇ ಇರಬೇಕು. 48 ಆದರೆ ಇನ್ನೂ ಒಳ್ಳೆಯದು.

ಹಂತ 3: ದಡಕ್ಕೆ ತಿಳಿಸಿ, ಮುಚ್ಚಿಡಬೇಡಿ

ಇದು ಕ್ಯಾಪ್ಟನ್ ಕೆಲಸ, ಚಿಕ್ಕದಾಗಿ ಹೇಳುತ್ತೇನೆ. 2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ ಹಡಗಿನಲ್ಲಿ ಸೋಂಕು ಕಂಡರೆ ಹೋಗಬೇಕಾದ ಬಂದರಿಗೆ ಆದಷ್ಟು ಬೇಗ ತಿಳಿಸಬೇಕು. ಹಡಗಿನ ಆರೋಗ್ಯ ಘೋಷಣೆಯ ಅರ್ಜಿಯಲ್ಲಿ ರೋಗಿಗಳ ಪಟ್ಟಿ ಹೋಗುತ್ತದೆ. ನಮ್ಮ ದೇಶದ ಬಂದರುಗಳಲ್ಲಿ ಇದನ್ನು ನೋಡುವುದು ಬಂದರು ಆರೋಗ್ಯ ಅಧಿಕಾರಿ. ಹಳೆಯ ಕಾಲದಿಂದ ಬಂದ ಹಳದಿ ಬಾವುಟ ಈಗಲೂ ಇದೆ. ಒಂದು ತಮಾಷೆ ಏನೆಂದರೆ, ಅದನ್ನು ಕಂಡರೆ ಜನ "ಅಯ್ಯೋ ರೋಗದ ಹಡಗು" ಅನ್ನುತ್ತಾರೆ. ಈಗಿನ ಸಂಕೇತದಲ್ಲಿ ಅದರ ಅರ್ಥ ಉಲ್ಟಾ: ನಮ್ಮ ಹಡಗು ಆರೋಗ್ಯವಾಗಿದೆ, ಒಳಗೆ ಬರಲು ಅನುಮತಿ ಕೊಡಿ.

ದಿನಕ್ಕೆ ಎರಡು ಸಲ, ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಲೆಕ್ಕ ಕಳಿಸಿ. ಹೊಸ ರೋಗಿಗಳು, ಒಟ್ಟು, ಗುಣವಾದವರು, ಸಲೈನ್ ಹಚ್ಚಿದವರು. ಕೆಳಗೆ ಬೇಕಾದ ಸಾಮಾನಿನ ಪಟ್ಟಿ ಸಂಖ್ಯೆ ಸಮೇತ ಇರಲಿ. "ಔಷಧ ಬೇಕು" ಅಂದರೆ ದಡದವರು ತಲೆ ಕೆರೆದುಕೊಳ್ಳುತ್ತಾರೆ. "ಓಆರ್‌ಎಸ್ ಪ್ಯಾಕೆಟ್ 2,000, ಬ್ಲೀಚಿಂಗ್ ಪೌಡರ್ 50 ಕಿಲೋ" ಅಂದರೆ ದೋಣಿ ಹೊರಡುತ್ತದೆ.

ಬಂದರುಗಳು ಬಾಗಿಲು ಹಾಕುವುದೂ ಉಂಟು. 2020ರ ಮಾರ್ಚ್‌ನಲ್ಲಿ ಝಾಂಡಾಮ್ ಹಡಗಿಗೆ ದಕ್ಷಿಣ ಅಮೆರಿಕದ ಬಂದರುಗಳು ಒಂದೊಂದಾಗಿ ಇಲ್ಲ ಅಂದವು. ಕೊನೆಗೆ ಪನಾಮಾ ಹತ್ತಿರ ಅದೇ ಕಂಪನಿಯ ರೋಟರ್‌ಡಾಮ್ ಹಡಗು ಬಂದು ಚೆನ್ನಾಗಿದ್ದವರನ್ನು ಹತ್ತಿಸಿಕೊಂಡಿತು. ನಮ್ಮ ಹತ್ತಿರದ್ದೇ ಬೇಕೆಂದರೆ 2022ರ ಜನವರಿ ನೆನಪಿಸಿಕೊಳ್ಳಿ. ಮುಂಬೈಯಿಂದ ಹೊಸ ವರ್ಷಕ್ಕೆ ಗೋವಾಕ್ಕೆ ಬಂದ ಕಾರ್ಡೀಲಿಯಾ ಹಡಗಿನಲ್ಲಿ 66 ಜನರಿಗೆ ಕೋವಿಡ್ ಅಂತ ಬಂತು, ಹಡಗು ತಿರುಗಿ ಮುಂಬೈಗೆ ಹೋಯಿತು.

ಹಂತ 4: ನೀರು ಮತ್ತು ಶೌಚಾಲಯ

ಹಡಗಿನ ಶೌಚಾಲಯ ನಮ್ಮ ಮನೆಯದರ ಹಾಗೆ ಒಂದು ಚೊಂಬು ನೀರು ಹಾಕಿದರೆ ಹೋಗುವಂಥದ್ದಲ್ಲ. ಗಾಳಿಯ ಎಳೆತದಿಂದ ಕೆಲಸ ಮಾಡುತ್ತದೆ, ಆ ಎಳೆತಕ್ಕೆ ಕರೆಂಟ್ ಬೇಕು. 2013ರ ಫೆಬ್ರವರಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿದ್ದು, ನಾಲ್ಕು ಸಾವಿರಕ್ಕೂ ಜಾಸ್ತಿ ಜನರನ್ನು ಹೊತ್ತ ಹಡಗು ಮೆಕ್ಸಿಕೋ ಕೊಲ್ಲಿಯಲ್ಲಿ ತೇಲುತ್ತಾ ನಿಂತಿತು. ಶೌಚಾಲಯಗಳು ನಿಂತವು. ಜನರಿಗೆ ಕೆಂಪು ಪ್ಲಾಸ್ಟಿಕ್ ಚೀಲ ಕೊಟ್ಟರು. ಎಳೆದು ದಡ ಮುಟ್ಟಿಸುವ ಹೊತ್ತಿಗೆ ನಾಲ್ಕು ದಿನ.

ಆದ್ದರಿಂದ ಜನರೇಟರ್‌ನ ಉಳಿದ ಶಕ್ತಿಯನ್ನು ಹಂಚುವಾಗ ಎಂಜಿನಿಯರ್ ಹತ್ತಿರ ಈ ಕ್ರಮದಲ್ಲಿ ಕೇಳಿ: ಆಸ್ಪತ್ರೆ, ಕುಡಿಯುವ ನೀರಿನ ಪಂಪು, ರೋಗಿಗಳ ಡೆಕ್‌ನ ಶೌಚಾಲಯ, ಅಡುಗೆ ಮನೆಯ ಫ್ರಿಜ್. ಲಿಫ್ಟ್, ಎಸಿ, ದೀಪಾಲಂಕಾರ ಎಲ್ಲ ಆಮೇಲೆ.

ನೀರಿನ ವಿಷಯದಲ್ಲಿ ಹುಬ್ಬಳ್ಳಿ, ಗದಗದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಲ್ಲಿ ಬರುವ ದಿನ ಡ್ರಮ್ಮು, ಕೊಡ, ಪಾತೇಲಿ ಎಲ್ಲ ತುಂಬಿಸಿ, ಯಾವ ನೀರು ಯಾವುದಕ್ಕೆ ಅಂತ ಗುರುತು ಇಟ್ಟು ಬೆಳೆದವರು ನಾವು. ಅದೇ ಲೆಕ್ಕ. ಹಡಗು ಸಮುದ್ರದ ನೀರನ್ನೇ ಸಿಹಿ ಮಾಡಿಕೊಳ್ಳುತ್ತದೆ, ಅದಕ್ಕೂ ಎಂಜಿನ್ ಶಾಖ ಅಥವಾ ಕರೆಂಟ್ ಬೇಕು. ಹಡಗು ನಿಂತರೆ ಟ್ಯಾಂಕಿನಲ್ಲಿ ಇದ್ದದ್ದೇ ನೀರು. ಕುಡಿಯಲು ಮತ್ತು ಆಹಾರಕ್ಕೆ ಒಬ್ಬರಿಗೆ ದಿನಕ್ಕೆ ಕನಿಷ್ಠ 3 ಲೀಟರ್ ಹಿಡಿಯಿರಿ. 3,000 ಜನರಿಗೆ 9,000 ಲೀಟರ್, ಅಂದರೆ ನಮ್ಮ ಬೀದಿಗೆ ಬರುವ ಟ್ರ್ಯಾಕ್ಟರ್ ಟ್ಯಾಂಕರ್ ಎರಡರ ಹತ್ತಿರ. ಭೇದಿ ಇರುವವರಿಗೆ ಇನ್ನೂ ಜಾಸ್ತಿ ಬೇಕು. ಮೊದಲ ಪಾಲು ಕುಡಿಯಲು, ಎರಡನೆಯದು ಕೈ ತೊಳೆಯಲು, ಮೂರನೆಯದು ಒರೆಸಲು. ಸ್ನಾನ ಬಂದ್. ಈಜುಕೊಳ, ಬಿಸಿನೀರಿನ ತೊಟ್ಟಿ ಮೊದಲ ದಿನವೇ ಬಂದ್.

ಕೈ ತೊಳೆಯುವುದನ್ನು ಎರಡನೆಯದಾಗಿ ಇಟ್ಟದ್ದಕ್ಕೆ ಕಾರಣ ಇದೆ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಸ್ಯಾನಿಟೈಸರ್ ಅಭ್ಯಾಸವಾಗಿದೆ. ನೋರೋವೈರಸ್‌ಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಸಾಬೂನು ಹಚ್ಚಿ, ತಿಕ್ಕಿ, ಹರಿಯುವ ನೀರಲ್ಲಿ ತೊಳೆಯಲೇಬೇಕು. ನಲ್ಲಿ ಬಂದಾದರೆ ಒಬ್ಬ ಹುಡುಗನನ್ನು ಜಗ್ಗು ಹಿಡಿದು ನಿಲ್ಲಿಸಿ, ಮದುವೆಯಲ್ಲಿ ಕೈಗೆ ನೀರು ಹಾಕುವ ಹಾಗೆ.

ಶೌಚಾಲಯ ನಿಂತರೆ ಹೀಗೆ ಮಾಡಿ. ಕಮೋಡಿನೊಳಗೆ ಗಟ್ಟಿ ಚೀಲ ಹಾಸಿ, ತಳಕ್ಕೆ ಹರಿದ ಪೇಪರ್ ಅಥವಾ ಹಳೇ ಟವೆಲ್ ಚೂರು ಹಾಕಿ. ಬಳಸಿದ ಮೇಲೆ ಗಂಟು ಕಟ್ಟಿ ಇನ್ನೊಂದು ಚೀಲದೊಳಗೆ ಇಡಬೇಕು. ಚೀಲ ಒಯ್ಯುವವರು ಗ್ಲೌಸ್, ಏಪ್ರನ್ ಹಾಕಿ ಗೊತ್ತಾದ ಹೊತ್ತಿಗೆ ಬರಬೇಕು. ಒಯ್ಯುವ ಮೆಟ್ಟಿಲು ಬೇರೆ, ಊಟ ಬರುವ ಮೆಟ್ಟಿಲು ಬೇರೆ. ಸಮುದ್ರಕ್ಕೆ ಎಸೆಯಬಾರದು, ಪ್ಲಾಸ್ಟಿಕ್ ಎಸೆಯುವುದು ಕಾನೂನಿನಲ್ಲೇ ನಿಷೇಧ. ತೆರೆದ ಡೆಕ್‌ನ ಒಂದು ಮೂಲೆಯಲ್ಲಿ ಮುಚ್ಚಿ ಇಡಿ. ರೋಗಿಗಳ ಚೀಲಕ್ಕೆ ಬೇರೆ ಬಣ್ಣ.

ಹಂತ 5: ಬಫೆ ಬಂದ್, ಪಂಕ್ತಿ ಶುರು

ಕೇಟರಿಂಗ್ ಮಾಡುವವನಾಗಿ ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ಬಫೆಯಲ್ಲಿ ಒಂದು ಸೌಟನ್ನು ಎಷ್ಟು ಕೈ ಮುಟ್ಟುತ್ತವೆ ಅಂತ ಯಾವತ್ತಾದರೂ ಎಣಿಸಿದ್ದೀರಾ? ಮದುವೆಯಲ್ಲಿ ನಾನು ಎಣಿಸಿದ್ದೇನೆ. ಪಲ್ಯದ ಸೌಟು ಒಂದು ಗಂಟೆಯಲ್ಲಿ ಇನ್ನೂರು ಕೈ ದಾಟಿತು. ಅವರಲ್ಲಿ ಒಬ್ಬರು ಶೌಚಾಲಯದಿಂದ ಸರಿಯಾಗಿ ಕೈ ತೊಳೆಯದೆ ಬಂದಿದ್ದರೆ ಸಾಕು. ನೋರೋವೈರಸ್‌ನ ಕೆಲವೇ ಕೆಲವು ಕಣಗಳು ಹೊಟ್ಟೆಗೆ ಹೋದರೂ ಜಡ್ಡು ಹತ್ತುತ್ತದೆ.

ನಮ್ಮ ಪಂಕ್ತಿ ಊಟದಲ್ಲಿ ಸೌಟು ಬಡಿಸುವವನ ಕೈಯಲ್ಲೇ ಇರುತ್ತದೆ, ಉಣ್ಣುವವನು ತನ್ನ ಎಲೆ ಮಾತ್ರ ಮುಟ್ಟುತ್ತಾನೆ. ಹಡಗಿನಲ್ಲೂ ಅದನ್ನೇ ಮಾಡಿ. ಮೊದಲ ದಿನ ಬಡಿಸುವವರು ನಿಂತು ತಾಟಿಗೆ ಹಾಕಲಿ. ಸಂಖ್ಯೆ ಏರಿದರೆ ಊಟವನ್ನು ಪೊಟ್ಟಣ ಕಟ್ಟಿ ಕ್ಯಾಬಿನ್ ಬಾಗಿಲಿಗೆ ಇಟ್ಟು, ಬಾಗಿಲು ತಟ್ಟಿ, ಹಿಂದೆ ಸರಿಯಿರಿ. ಉಪ್ಪು, ಮೆಣಸಿನ ಡಬ್ಬಿ, ಸಾಸ್ ಬಾಟಲಿ, ಮೆನು ಪುಸ್ತಕ ಎಲ್ಲ ಟೇಬಲ್‌ನಿಂದ ಎತ್ತಿ. ಐಸ್ ಬೇಡ. ಹಸಿ ಸಲಾಡ್, ಹೆಚ್ಚಿದ ಹಣ್ಣು ಬೇಡ, ಬಾಳೆಹಣ್ಣು ಸಿಪ್ಪೆ ಸಮೇತ ಕೊಡಿ. ಫ್ರಿಜ್ ನಿಂತಿದ್ದರೆ ಮೊದಲು ಮೀನು, ಮಾಂಸ, ಹಾಲಿನ ಪದಾರ್ಥ ಲೆಕ್ಕ ಹಾಕಿ. ತಣ್ಣಗೆ ಉಳಿದಿಲ್ಲ ಅಂದರೆ ಎಷ್ಟೇ ಬೆಲೆಯದಾದರೂ ಬಿಸಾಕಿ. ಅನ್ನ, ಬೇಳೆ, ಬಿಸ್ಕತ್ತು, ಬ್ರೆಡ್ಡು ಸಾಕು. ರೋಗಿಗಳಿಗೆ ಗಂಜಿ. ವಿದೇಶಿ ಪ್ರಯಾಣಿಕರಿಗೂ ಗಂಜಿ ಹಿಡಿಸುತ್ತದೆ, ನಾನೇ ಕಂಡಿದ್ದೇನೆ, ಹೆಸರು ಮಾತ್ರ ರೈಸ್ ಸೂಪ್ ಅಂತ ಹೇಳಬೇಕು.

ಹಂತ 6: ವಾಂತಿ ಬಿದ್ದ ಜಾಗ

ಹೌಸ್‌ಕೀಪಿಂಗ್‌ಗೆ ಸೇರುವ ಹುಡುಗರು ಇದನ್ನು ಎರಡು ಸಲ ಓದಿ.

ದ್ರಾವಣ ಮೊದಲು. ಅಂಗಡಿಯಲ್ಲಿ ಸಿಗುವ ಬ್ಲೀಚ್ ಹೆಚ್ಚಾಗಿ 5 ಪರ್ಸೆಂಟ್ ಸೋಡಿಯಂ ಹೈಪೋಕ್ಲೋರೈಟ್. ರೇಲಿಂಗ್, ಬಾಗಿಲ ಹಿಡಿ, ಲಿಫ್ಟ್ ಗುಂಡಿಗೆ 1 ಲೀಟರ್ ನೀರಿಗೆ 20 ಮಿಲಿ ಹಾಕಿದರೆ 1,000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅನ್ನುವ ಅಳತೆ) ಹತ್ತಿರ ಬರುತ್ತದೆ. ವಾಂತಿ, ಮಲ ಬಿದ್ದ ಜಾಗಕ್ಕೆ 900 ಮಿಲಿ ನೀರಿಗೆ 100 ಮಿಲಿ, ಅದು 5,000 ಪಿಪಿಎಂ. ಬ್ಲೀಚಿಂಗ್ ಪೌಡರ್ ಹೊಸದಾಗಿದ್ದರೆ ಮೊದಲನೆಯದಕ್ಕೆ ಲೀಟರಿಗೆ 3 ಗ್ರಾಂ, ಎರಡನೆಯದಕ್ಕೆ 15 ಗ್ರಾಂ. ಸಣ್ಣ ಕಾಟಾದಲ್ಲಿ ತೂಕ ಮಾಡಿ, ಮುಷ್ಟಿ ಲೆಕ್ಕ ಬೇಡ. ದ್ರಾವಣ ದಿನಾ ಹೊಸದು. ನಿನ್ನೆಯ ಬಕೆಟ್‌ಗೆ ವಾಸನೆ ಇರುತ್ತದೆ, ಶಕ್ತಿ ಇರುವುದಿಲ್ಲ.

ಒಂದು ಎಚ್ಚರಿಕೆ: ಶೌಚಾಲಯದ ಆಸಿಡ್ ಜತೆ ಬ್ಲೀಚ್ ಯಾವ ಕಾರಣಕ್ಕೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಕಿಟಕಿಯಿಲ್ಲದ ಕ್ಯಾಬಿನ್‌ನ ಶೌಚಾಲಯದಲ್ಲಿ ಅದು ಜೀವಕ್ಕೇ ಅಪಾಯ.

ಈಗ ಕ್ರಮ. ಸುತ್ತಲಿನ ಜನರನ್ನು ದೂರ ಕಳಿಸಿ, ವಾಂತಿಯ ಸಣ್ಣ ಹನಿಗಳು ಗಾಳಿಯಲ್ಲೂ ಹಾರುತ್ತವೆ. ಗ್ಲೌಸ್, ಮಾಸ್ಕ್, ಏಪ್ರನ್, ಕಣ್ಣಿಗೆ ಕನ್ನಡಕ. ವಾಂತಿಯ ಮೇಲೆ ಪೇಪರ್ ಟವೆಲ್ ಹಾಸಿ ಹೀರಲು ಬಿಡಿ. ಹೊರಗಿನ ಅಂಚಿನಿಂದ ಒಳಗಡೆಗೆ ಬಾಚಿ ಚೀಲಕ್ಕೆ ಹಾಕಿ. ಒಳಗಿಂದ ಹೊರಗೆ ಒರೆಸಿದರೆ ನೀವೇ ಹರಡಿದ ಹಾಗಾಯಿತು. ಆಮೇಲೆ ಸಾಬೂನು ನೀರು, ಅದು ಒರೆಸಿದ ಮೇಲೆ 5,000ದ ದ್ರಾವಣ. ಹತ್ತು ನಿಮಿಷ ಒದ್ದೆಯಾಗೇ ಇರಲಿ. ಜನ ಈ ಹತ್ತು ನಿಮಿಷದಲ್ಲೇ ಸೋಲುತ್ತಾರೆ, ಸುರಿದ ತಕ್ಷಣ ಒಣಗಿಸಿಬಿಡುತ್ತಾರೆ. ಕಾರ್ಪೆಟ್ ಆದರೆ ಬ್ಲೀಚ್ ಬಣ್ಣ ತಿನ್ನುತ್ತದೆ, ಬಿಸಿ ಆವಿಯ ಯಂತ್ರ ಬಳಸಿ. ವ್ಯಾಕ್ಯೂಮ್ ಕ್ಲೀನರ್ ಮಾತ್ರ ಬೇಡವೇ ಬೇಡ, ಅದು ವೈರಸ್ಸನ್ನು ಗಾಳಿಗೆ ಊದುತ್ತದೆ.

ರೋಗಿಯ ಹಾಸಿಗೆ ಬಟ್ಟೆಯನ್ನು ಕೊಡವಬೇಡಿ. ಒಳಮುಖವಾಗಿ ಸುತ್ತಿ, ಮೈಗೆ ತಾಗಿಸದೆ ಚೀಲಕ್ಕೆ ಹಾಕಿ ಬಿಸಿನೀರಿನ ವಾಶ್‌ಗೆ ಕಳಿಸಿ. ರೋಗಿಯ ಕ್ಯಾಬಿನ್ ಸ್ವಚ್ಛ ಮಾಡುವವನು ಅವತ್ತು ಬೇರೆ ಕ್ಯಾಬಿನ್‌ಗೆ ಹೋಗಬಾರದು. ಹೋಗಲೇಬೇಕಾದರೆ ಚೆನ್ನಾಗಿರುವವರದು ಮೊದಲು, ರೋಗಿಯದು ಕೊನೆಗೆ.

ಹಂತ 7: ಓಆರ್‌ಎಸ್, ಗುಟುಕು ಗುಟುಕಾಗಿ

1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ಸಾಯುತ್ತಿದ್ದಾಗ ಸಲೈನ್ ಬಾಟಲಿ ಮುಗಿಯಿತು. ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಕಲಸಿದ ನೀರನ್ನು ಡ್ರಮ್ಮಿನಲ್ಲಿ ಇಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವು ಬಹಳ ಕಡಿಮೆಯಾಯಿತು. ನಿಂತ ಹಡಗಿನಲ್ಲೂ ಪರಿಸ್ಥಿತಿ ಅದೇ: ನರ್ಸ್ ಇಬ್ಬರೋ ಮೂವರೋ, ರೋಗಿಗಳು ನೂರು. ಜತೆಗಿರುವವರೇ ಕುಡಿಸಬೇಕು.

ದೊಡ್ಡ ಪ್ಯಾಕೆಟ್ ಒಂದಕ್ಕೆ ಸರಿಯಾಗಿ 1 ಲೀಟರ್ ಶುದ್ಧ ನೀರು. ರುಚಿಗೆ ಅಂತ ಅರ್ಧ ಲೀಟರ್‌ಗೆ ಕಲಸಬೇಡಿ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ. ಪ್ಯಾಕೆಟ್ ಮುಗಿದರೆ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿ ಆಗುತ್ತಿದ್ದರೆ ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೆ ಒಂದು ಚಮಚದಂತೆ ಕೊಡಿ. ಗ್ಲಾಸು ಎತ್ತಿ ಗಟಗಟ ಕುಡಿದರೆ ಹಾಗೇ ಹೊರಗೆ ಬರುತ್ತದೆ.

ನೋರೋವೈರಸ್ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ತಾನೇ ಇಳಿಯುತ್ತದೆ. ವೈರಸ್‌ಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಬ್ಯಾಗಿನಲ್ಲಿ ತಂದ ಭೇದಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ, ಜ್ವರ ಇದ್ದವರಿಗೆ, ರಕ್ತ ಹೋಗುತ್ತಿರುವವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಆರೆಂಟು ಗಂಟೆ ಮೂತ್ರ ಆಗದಿದ್ದರೆ, ಕಣ್ಣು ಒಳಗೆ ಹೋಗಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಕೂಡಿಕೊಂಡರೆ, ಮಗು ಮಂಕಾಗಿ ಕುಡಿಯಲು ಒಲ್ಲೆ ಅಂದರೆ, ಮಲದಲ್ಲಿ ರಕ್ತ ಕಂಡರೆ ತಕ್ಷಣ ಹಡಗಿನ ಆಸ್ಪತ್ರೆ. ಇಂಥವರೇ ದಡಕ್ಕೆ ಹೋಗುವ ಮೊದಲ ದೋಣಿಯ ಪಟ್ಟಿಯಲ್ಲೂ ಇರಬೇಕು.

ಉಸಿರಿನ ಜಡ್ಡಾದರೆ

ಎಣಿಸುವುದು, ವರದಿ ಕೊಡುವುದು, ಪಗಾರದ ಮಾತು ಎಲ್ಲ ಅದೇ. ಬದಲಾಗುವುದು ಗಾಳಿ. ಮಾಸ್ಕ್ ಎಲ್ಲರಿಗೂ. ಹೊರಗಿನ ಗಾಳಿ ಜಾಸ್ತಿ, ಒಳಗಿನದನ್ನೇ ತಿರುಗಿಸುವುದು ಕಡಿಮೆ ಆಗುವಂತೆ ಎಂಜಿನಿಯರ್‌ಗೆ ಹೇಳಿ. ಸಭೆ, ಆಟ, ನಾಟಕ ಎಲ್ಲ ಬಂದ್, ಅದೂ ಮೊದಲ ಸಂಶಯಕ್ಕೇ. ಡೈಮಂಡ್ ಪ್ರಿನ್ಸೆಸ್‌ನ ಕಥೆಯಲ್ಲಿ ದಿನಾಂಕಗಳನ್ನು ನೋಡಿ. ಹಾಂಗ್‌ಕಾಂಗ್‌ನಲ್ಲಿ ಇಳಿದ ಪ್ರಯಾಣಿಕನಿಗೆ ಸೋಂಕು ಇದೆ ಅಂತ ಗೊತ್ತಾದದ್ದು ಫೆಬ್ರವರಿ 1. ಜನರನ್ನು ಕ್ಯಾಬಿನ್‌ನಲ್ಲಿ ಇರಿಸಿದ್ದು ಫೆಬ್ರವರಿ 5. ಕೊನೆಗೆ 712 ಮಂದಿಗೆ ಸೋಂಕು. ನಡುವಿನ ಆ ದಿನಗಳು ಯಾರ ಕೈಯಲ್ಲಿದ್ದವು?

ಕಿಟಕಿಯಿಲ್ಲದ ಒಳ ಕ್ಯಾಬಿನ್‌ನವರನ್ನು ಸರದಿಯ ಮೇಲೆ, ಮಾಸ್ಕ್ ಹಾಕಿಸಿ, ದೂರ ನಿಲ್ಲಿಸಿ ತೆರೆದ ಡೆಕ್‌ಗೆ ಬಿಡಿ. ಕತ್ತಲೆ ಕೋಣೆಯಲ್ಲಿ ಎರಡು ವಾರ ಕೂತರೆ ಚೆನ್ನಾಗಿರುವವರಿಗೂ ತಲೆ ಕೆಡುತ್ತದೆ.

ಹಂತ 8: ಮಾತು

ಕ್ಯಾಪ್ಟನ್ ದಿನಕ್ಕೆ ಎರಡು ಸಲ ಮೈಕಿನಲ್ಲಿ ಮಾತಾಡಬೇಕು. ಹೇಳಲು ಹೊಸದೇನೂ ಇಲ್ಲದಿದ್ದರೂ ಹೇಳಿದ ಹೊತ್ತಿಗೆ ಬಂದು "ಹೊಸದೇನೂ ಇಲ್ಲ, ಮತ್ತೆ ಸಂಜೆ ಆರಕ್ಕೆ" ಅನ್ನಬೇಕು. ನಿಜವಾದ ಸಂಖ್ಯೆ ಹೇಳಿ. ನೀವು 40 ಅಂದರೆ ಹಡಗಿನಲ್ಲಿ 80 ಅಂತ ಸುದ್ದಿ ಇರುತ್ತದೆ, ಏನೂ ಹೇಳದಿದ್ದರೆ 400 ಆಗಿರುತ್ತದೆ. ಅಷ್ಟರಲ್ಲಿ ಊರಿನ ವಾಟ್ಸಾಪ್ ಗುಂಪಿನಲ್ಲಿ ಹಡಗೇ ಮುಳುಗಿರುತ್ತದೆ.

ಭಾಷೆಯೂ ನೋಡಿ. ನಮ್ಮ ಕಡೆಯ ಹಿರಿಯರು ಗುಂಪಿನಲ್ಲಿ ಬಂದಿದ್ದರೆ ಇಂಗ್ಲಿಷ್ ಪ್ರಕಟಣೆ ಅವರ ಕಿವಿಗೆ ಗದ್ದಲ ಅಷ್ಟೇ. ಕನ್ನಡ ಬಲ್ಲ ಒಬ್ಬ ಹುಡುಗ ಬಾಗಿಲ ಹೊರಗೆ ನಿಂತು "ಅಜ್ಜಾರ, ಆರಾಮ್ ಅದೀರೇನ್ರೀ? ಸಕ್ಕರಿ ಕಾಯಿಲೆ ಗುಳಿಗಿ ಎಷ್ಟ್ ಉಳದಾವ್ರೀ?" ಅಂತ ಕೇಳಿದರೆ ಹತ್ತು ಪ್ರಕಟಣೆಗೆ ಸಮ.

ಗುಳಿಗೆಯ ಮಾತು ಸುಮ್ನೆ ಹೇಳಿದ್ದಲ್ಲ. ನಾಲ್ಕು ದಿನದ ಪ್ರವಾಸಕ್ಕೆ ಜನ ನಾಲ್ಕೇ ದಿನದ ಗುಳಿಗೆ ತಂದಿರುತ್ತಾರೆ. ಹಡಗು ನಿಂತ ಎರಡನೇ ದಿನವೇ ಬಿಪಿ, ಶುಗರ್, ಹೃದಯದ ಔಷಧಗಳ ಪಟ್ಟಿ ಬೇರೆ ಮಾಡಿ ದಡಕ್ಕೆ ಕಳಿಸಿ. ಡೈಮಂಡ್ ಪ್ರಿನ್ಸೆಸ್‌ನಲ್ಲಿ ಇದೇ ದೊಡ್ಡ ತಲೆನೋವಾಗಿತ್ತು. ಇನ್ಸುಲಿನ್‌ಗೆ ಫ್ರಿಜ್ ಬೇಕು ಅನ್ನುವುದನ್ನು ಮರೆಯಬೇಡಿ. ಪ್ರಯಾಣಿಕರಾಗಿ ಹೋಗುವವರು ಒಂದು ವಾರದ ಗುಳಿಗೆ ಹೆಚ್ಚಿಗೆ ಇಟ್ಟುಕೊಳ್ಳಿ, ಔಷಧದ ಹೆಸರು ಬರೆದ ಚೀಟಿ ಪಾಸ್‌ಪೋರ್ಟ್ ಜತೆ ಇರಲಿ, ನಾಲ್ಕು ಓಆರ್‌ಎಸ್, ಒಂದು ಸಾಬೂನು.

ಹಂತ 9: ಇಳಿಯುವಾಗ, ಇಳಿದ ಮೇಲೆ

ಎಲ್ಲರನ್ನೂ ಒಂದೇ ಬಾಗಿಲಿಗೆ ನೂಕಬೇಡಿ. ತೀವ್ರ ರೋಗಿಗಳು, ಆಮೇಲೆ ಚೆನ್ನಾಗಿರುವವರು, ಕೊನೆಗೆ ಇನ್ನೂ ಗುಣವಾಗುತ್ತಿರುವವರು. ಮೂವರಿಗೂ ಬೇರೆ ಬೇರೆ ಬಸ್ಸು. ನೋಟ್‌ಬುಕ್‌ನ ನಕಲು ಬಂದರು ಆರೋಗ್ಯ ಅಧಿಕಾರಿಗೆ. ಕೆಲಸಗಾರರನ್ನು ಹಡಗಿನಲ್ಲೇ ಬಿಟ್ಟು ಪ್ರಯಾಣಿಕರು ಹೋದ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳುವುದು ರೂಢಿ, ಅವರ ಎಣಿಕೆ ನಿಲ್ಲಿಸಬೇಡಿ. ಪೂರ್ತಿ ಹಡಗು ಮೇಲಿನ ಡೆಕ್‌ನಿಂದ ಕೆಳಗಿನವರೆಗೆ ತೊಳೆದಾಗುವವರೆಗೆ ಹೊಸ ಪ್ರಯಾಣಿಕರನ್ನು ಹತ್ತಿಸಬಾರದು. ವೈರಸ್ ಗಟ್ಟಿ ಮೇಲ್ಮೈ ಮೇಲೆ ಎಷ್ಟೋ ದಿನ ಉಳಿಯುತ್ತದೆ.

ಹೊಟ್ಟೆ ಸರಿಹೋಯಿತು ಅಂದ ಮೇಲೂ ಎರಡು ವಾರ, ಕೆಲವರಲ್ಲಿ ಇನ್ನೂ ಜಾಸ್ತಿ, ಮಲದಲ್ಲಿ ನೋರೋವೈರಸ್ ಹೋಗುತ್ತಿರುತ್ತದೆ. ಊರಿಗೆ ಬಂದ ಖುಷಿಯಲ್ಲಿ ಅಡುಗೆ ಮನೆಗೆ ನುಗ್ಗಬೇಡಿ. ಎಂಜಿನ್ ಕೆಟ್ಟು ನಿಂತಿದ್ದ ಆ ಹಡಗಿನಿಂದ ಇಳಿದು ಬಂದಾಗ ನಾನು ಇದನ್ನು ಅವ್ವನಿಗೆ ಹೇಳಿದ್ದೇ ತಪ್ಪಾಯಿತು. ಎರಡು ವಾರ ನನಗೆ ತಾಟು ಬೇರೆ, ಚೊಂಬು ಬೇರೆ. ರೊಟ್ಟಿ ಬುಟ್ಟಿಗೆ ಕೈ ಹಾಕಲು ಹೋದರೆ ದೂರದಿಂದಲೇ ಲಟ್ಟಣಿಗೆ ತೋರಿಸುತ್ತಿದ್ದಳು. ಹದಿನೈದನೇ ದಿನ ಬೆಳಿಗ್ಗೆ ತಾನೇ ಕರೆದು, "ಸಾಬೂನ್ ಹಚ್ಚಿ ಕೈ ತೊಕ್ಕೊಂಡ್ ಬಾ" ಅಂದಳು.